ಇದ್ಯಾವ ಹುಳ ಮೇಡಂ?

ರಾತ್ರಿ ಹತ್ತೂವರೆಗೆ ಮೊಬೈಲ್ ಟಿಂಗ್ ಅಂತು. ಪಕ್ಕದ ಬ್ಲಾಕ್‌ನ ಆಂಟಿ ಕಳಿಸಿದ ಫೋಟೊ. ಅವರ ಬಾಲ್ಕನಿಯ ದಾಸವಾಳದ ಗಿಡ. ಚಿಗುರಿನ ಸಂದಿಯಲ್ಲಿ ಹತ್ತಿ ಮೆತ್ತಿದ ಹಾಗೆ ಬೆಳ್ಳಗೆ ಏನೋ ಇದೆ. ಕೆಳಗೆ ಒಂದೇ ಸಾಲು: "ಇದಕ್ಕೆ ಯಾವ ಔಷಧಿ ಹೊಡೀಬೇಕಮ್ಮ?"

ಮದುವೆಮನೆಯಲ್ಲಿ ಡಾಕ್ಟರ್ ಸಿಕ್ಕರೆ ಜನ ಊಟದೆಲೆ ಮುಂದೆಯೇ ಮಂಡಿನೋವಿನ ಕತೆ ತೆಗೆಯುತ್ತಾರಲ್ಲ, ಕೀಟತಜ್ಞರ ಪಾಡೂ ಹೆಚ್ಚುಕಡಿಮೆ ಅದೇ. ಫೋಟೊ ದೊಡ್ಡದು ಮಾಡಿ ನೋಡಿದೆ. ಬಿಳಿ ಮೇಣದ ಹುಡಿ ಬಳಿದುಕೊಂಡ ಚಿಕ್ಕ ಚಿಕ್ಕ ಹುಳುಗಳು. ಹಿಟ್ಟು ತಿಗಣೆ. ಆದರೆ ಅವುಗಳ ಮಧ್ಯೆ ಸ್ವಲ್ಪ ದೊಡ್ಡವು, ಮೈತುಂಬ ಬಿಳಿ ಎಳೆ ಇಳಿಬಿಟ್ಟುಕೊಂಡವು, ಎರಡು ಕಂಡವು. "ಈಗ ಏನೂ ಹೊಡೀಬೇಡಿ ಆಂಟಿ, ಬೆಳಿಗ್ಗೆ ಬರ್ತೀನಿ" ಅಂದೆ.

ಬೆಳಿಗ್ಗೆ ಹೋಗಿ ಊದುಬತ್ತಿ ಕಡ್ಡಿಯ ತುದಿಯಿಂದ ಮುಟ್ಟಿ ತೋರಿಸಿದೆ. ಹಿಟ್ಟು ತಿಗಣೆ ಕದಲಲಿಲ್ಲ. ಅದು ಬಾಯಿಯ ಕೊಳವೆಯನ್ನು ಕಾಂಡಕ್ಕೆ ಚುಚ್ಚಿ ರಸ ಹೀರುತ್ತಾ ಕೂತಿರುತ್ತದೆ, ಎದ್ದು ಓಡುವ ಅವಸರ ಅದಕ್ಕಿಲ್ಲ. ದೊಡ್ಡದನ್ನು ಮುಟ್ಟಿದ್ದೇ ತಡ, ಸರಸರ ಓಡಿ ಎಲೆಯಡಿ ಸೇರಿಕೊಂಡಿತು. ಅದು ಹಿಟ್ಟು ತಿಗಣೆಯನ್ನು ತಿಂದು ಬದುಕುವ ಗುಲಗಂಜಿ ಹುಳದ ಮರಿ. ಕ್ರಿಪ್ಟೊಲೀಮಸ್ ಅಂತ ಹೆಸರು. ಮೂಲ ಆಸ್ಟ್ರೇಲಿಯಾ, 1898ರಲ್ಲೇ ನಮ್ಮ ದೇಶಕ್ಕೆ ತಂದಿದ್ದರು. ತಾನು ತಿನ್ನುವ ತಿಗಣೆಯ ಹಾಗೇ ಬಿಳಿ ಮೇಣ ಹೊದ್ದುಕೊಂಡಿರುತ್ತದೆ. ತಿಗಣೆಯ ಸಿಹಿ ಅಂಟಿಗಾಗಿ ಅಲ್ಲೇ ಕಾವಲು ಕಾಯುವ ಇರುವೆಗಳಿಂದ ಪಾರಾಗಲು ಅದಕ್ಕೆ ಈ ಹೊದಿಕೆ ಬೇಕು. ಆಂಟಿ ರಾತ್ರಿಯೇ ಔಷಧಿ ಹೊಡೆದಿದ್ದರೆ ಮೊದಲು ಸಾಯುತ್ತಿದ್ದದ್ದು ಇದು. ಮೇಣದ ಕೆಳಗೆ, ಸಂದಿಯಲ್ಲಿ ಅಡಗಿರುವ ತಿಗಣೆಗಳಲ್ಲಿ ಅರ್ಧ ಉಳಿದುಕೊಳ್ಳುತ್ತಿದ್ದವು. ಆಮೇಲೆ ತಿನ್ನುವವರೇ ಇಲ್ಲದೆ ಹಬ್ಬ ಮಾಡುತ್ತಿದ್ದವು.

ನನ್ನ ಕೆಲಸ ಏನು ಅಂತ ಕೇಳಿದವರಿಗೆಲ್ಲ ನಾನು ಈ ಕಡ್ಡಿ ಮುಟ್ಟಿಸಿದ ಕತೆಯನ್ನೇ ಹೇಳುತ್ತೇನೆ. ಏನು ಮಾಡಬೇಕು ಅನ್ನುವ ಪ್ರಶ್ನೆ ಆಮೇಲೆ. ಮೊದಲು, ಇದು ಯಾರು?

ಕೇಳುವವರು ಬೇಕಾದಷ್ಟು ಜನ. "ಅಂದ್ರೆ ಪೆಸ್ಟ್ ಕಂಟ್ರೋಲ್ ಥರಾನಾ?" ಅನ್ನುತ್ತಾರೆ. ನನಗೆ ಗಂಡು ನೋಡುವ ಕಾಲದಲ್ಲಿ ಅಮ್ಮ ನೆಂಟರಿಗೆ "ಅಗ್ರಿಕಲ್ಚರ್‌ನಲ್ಲಿ ಸೈಂಟಿಸ್ಟು" ಅಂತಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದಳು. ಹುಳ ಹಿಡಿಯುವ ಹುಡುಗಿ ಅಂದರೆ ಗಂಡಿನ ಕಡೆಯವರ ತಲೆಗೇ ಹುಳ ಬಿಟ್ಟ ಹಾಗಾಗುತ್ತೆ ಅಂತ ಅವಳ ಭಯ.

ಈ ಕೆಲಸ ಯಾಕೆ ಕಷ್ಟ ಅಂತ ತಿಳಿಯಲು ಒಂದು ಲೆಕ್ಕ ಸಾಕು. ಜಗತ್ತಿನಲ್ಲಿ ಇದುವರೆಗೆ ಹೆಸರಿಟ್ಟಿರುವ ಕೀಟಗಳೇ ಸುಮಾರು 10 ಲಕ್ಷ ಜಾತಿ. ಅದರಲ್ಲಿ ದುಂಬಿಗಳೇ 4 ಲಕ್ಷದ ಹತ್ತಿರ ಇವೆ. ಹೆಸರಿಲ್ಲದವು ಇನ್ನೂ ಎಷ್ಟೋ ಪಟ್ಟು. ಆರು ಕಾಲು, ಮೂರು ಭಾಗದ ಮೈ, ಒಂದು ಜೊತೆ ಮೀಸೆ ಇದ್ದರೆ ಕೀಟ. ಜೇಡಕ್ಕೆ ಎಂಟು ಕಾಲು, ಹಾಗಾಗಿ ಅದು ಕೀಟವಲ್ಲ. ಇಷ್ಟು ಶಾಲೆಯಲ್ಲೇ ಕಲಿತಿರುತ್ತೇವೆ. ಅಲ್ಲಿಂದ ಮುಂದೆ ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಎಲ್ಲವನ್ನೂ ಕಲಿಯುವುದು ಸಾಧ್ಯವೇ ಇಲ್ಲ. ಅದಕ್ಕೇ ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಕುಟುಂಬ ಹಿಡಿದು ಕೂರುತ್ತಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಸಿ. ಎ. ವಿರಕ್ತಮಠ ಅವರದು ಜಿಗಿಹುಳ. ಅಕ್ಕಿಕಾಳಿಗಿಂತ ಚಿಕ್ಕದಿರುವ ಹುಳಗಳ ಹಿಂದೆ ದಶಕಗಟ್ಟಲೆ ಬಿದ್ದರು. ಬೇರೆ ಬೇರೆ ದೇಶದವರು ತಾವು ಕಂಡುಹಿಡಿದ ಜಿಗಿಹುಳಗಳಿಗೆ ಅವರ ಹೆಸರಿಟ್ಟಿದ್ದಾರೆ. ಅದೇ ವಿಶ್ವವಿದ್ಯಾಲಯದ ಮುಸ್ತಾಕ್ ಅಲಿ ಅವರದು ಇರುವೆ. ನನ್ನದು ಪರಾವಲಂಬಿ ಕಣಜ, ಅಂದರೆ ಬೇರೆ ಕೀಟದ ಮೈಯಲ್ಲೋ ಮೊಟ್ಟೆಯಲ್ಲೋ ಮರಿ ಬೆಳೆಸುವಂಥದ್ದು. ಕಣಜ ಅಂದ ಕೂಡಲೇ ಕಚ್ಚುವ ಹಳದಿ ಕಣಜ ನೆನಪಾಗಬಹುದು. ನನ್ನವು ಅವಲ್ಲ. ಹೆಚ್ಚಿನವು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಈ ಸಾಲಿನ ಕೊನೆಯ ಚುಕ್ಕಿಯ ಮೇಲೆ ಒಂದನ್ನು ಕೂರಿಸಬಹುದು.

ಹುಳ ಗುರುತಿಸುವುದು ಹೇಗೆ ಅಂತ ಒಂದು ಬೆಳಗಿನ ಕೆಲಸ ಹೇಳುತ್ತೇನೆ.

ದೊಡ್ಡಬಳ್ಳಾಪುರದ ಕಡೆಯ ರೈತರೊಬ್ಬರು ಒಂದು ಡಬ್ಬಿಯಲ್ಲಿ ಎಲೆ, ಎಲೆಯಲ್ಲಿ ಹುಳ ತಂದಿರುತ್ತಾರೆ. "ಇದ್ಯಾವ ಹುಳ ಮೇಡಂ?" ದುಂಬಿಯಾದರೆ ಮೊದಲು ಪಿನ್ ಮಾಡಬೇಕು. ಪಿನ್ನನ್ನು ನಟ್ಟನಡುವೆ ಚುಚ್ಚುವ ಹಾಗಿಲ್ಲ. ಬಲಗಡೆಯ ಗಟ್ಟಿ ರೆಕ್ಕೆಗೆ ಚುಚ್ಚಬೇಕು. ಯಾಕೆ ಅಂದರೆ ಹುಳದ ಎಡಭಾಗವೂ ಬಲಭಾಗವೂ ಒಂದೇ ಥರ ಇರುತ್ತವೆ. ಪಿನ್ ಹೋದ ಕಡೆ ಒಂದು ಗುರುತು ಹಾಳಾದರೂ ಎಡಗಡೆ ಪೂರ್ತಿ ಉಳಿಯುತ್ತದೆ. ಕಣಜ ನನ್ನವಷ್ಟು ಚಿಕ್ಕದಾದರೆ ಪಿನ್ನಿಗೇ ಅದು ಸಿಗುವುದಿಲ್ಲ. ಹಣೆಯ ಬಿಂದಿಗಿಂತ ಚಿಕ್ಕ ತ್ರಿಕೋನದ ಕಾರ್ಡಿನ ತುದಿಗೆ ಒಂದು ಕಣ ಅಂಟು ಹಚ್ಚಿ ಅಲ್ಲಿ ಅಂಟಿಸುತ್ತೇವೆ. ಇಲ್ಲಾ ಗಾಜಿನ ಸ್ಲೈಡ್ ಮೇಲೆ ರೆಕ್ಕೆ, ಮೀಸೆ, ಕಾಲು ಬಿಡಿಸಿ ಹರಡಿ ಕೆನಡಾ ಬಾಲ್ಸಂ ಅನ್ನುವ ಪಾರದರ್ಶಕ ಅಂಟು ಹಾಕಿ ಮುಚ್ಚುತ್ತೇವೆ. ಫ್ಯಾನ್ ಹಾಕುವ ಹಾಗಿಲ್ಲ. ಸೀನಿದರೆ ಒಂದು ವಾರದ ಕೆಲಸ ಹಾರಿಹೋಗುತ್ತದೆ. ನನ್ನದು ಹೋಗಿದೆ.

ಆಮೇಲೆ ಚೀಟಿ. ಪಿನ್ನಿನ ಕೆಳಗೆ ಉಗುರಿನಷ್ಟು ಕಾಗದ. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಯಾವ ಗಿಡದ ಮೇಲೆ, ಯಾರು ಹಿಡಿದರು. ಎಷ್ಟೇ ಚಂದದ ಹುಳವಾದರೂ ಚೀಟಿ ಇಲ್ಲದಿದ್ದರೆ ಅದು ಬರೀ ಸತ್ತ ಹುಳ. ಕೃಷಿ ಬಿಎಸ್ಸಿ ಓದಿದವರಿಗೆ ಇದು ಚೆನ್ನಾಗಿ ಗೊತ್ತು. ಇನ್ಸೆಕ್ಟ್ ಕಲೆಕ್ಷನ್ ಅಂತ ಎಲ್ಲರೂ ಒಂದು ಪೆಟ್ಟಿಗೆ ತುಂಬಿಸಲೇಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್‌ನ ಬೀದಿದೀಪದ ಕೆಳಗೆ ಬಲೆ ಹಿಡಿದು ಓಡಾಡಿದವರು, ಪರೀಕ್ಷೆಯ ಹಿಂದಿನ ದಿನ ಸೀನಿಯರ್ ಪೆಟ್ಟಿಗೆಯಿಂದ ಹುಳ ಸಾಲ ಪಡೆದವರು, ಬರೀ ಚೀಟಿ ಬದಲಾಯಿಸಿದವರು, ಎಲ್ಲರೂ ಈಗ ದೊಡ್ಡ ದೊಡ್ಡ ಹುದ್ದೆಯಲ್ಲಿದ್ದಾರೆ ಬಿಡಿ.

ಇಷ್ಟಾದ ಮೇಲೆ ಮೈಕ್ರೋಸ್ಕೋಪ್. ಪಕ್ಕದಲ್ಲಿ ಕೀ ಅನ್ನುವ ಪಟ್ಟಿ. ಅದು ಎರಡೆರಡು ಪ್ರಶ್ನೆಗಳ ಸಾಲು. ಮೀಸೆಯಲ್ಲಿ ಎಷ್ಟು ಗಂಟು? ಇಷ್ಟಿದ್ದರೆ ಐದನೇ ಪ್ರಶ್ನೆಗೆ ಹೋಗು, ಅಷ್ಟಿದ್ದರೆ ಒಂಬತ್ತಕ್ಕೆ. ರೆಕ್ಕೆಯ ನರ ಅಂಚಿಗೆ ಮುಟ್ಟುತ್ತದೋ ಇಲ್ಲವೋ? ಪಾದದಲ್ಲಿ ಗಂಟು ಮೂರೋ ಐದೋ? ಪರ ಊರಿನಲ್ಲಿ ದಾರಿ ಕೇಳುತ್ತಾ ಹೋದ ಹಾಗೆ. ಒಂದು ತಿರುವು ತಪ್ಪಿದರೆ ಬೇರೆ ಊರೇ ಸೇರುತ್ತೀರಿ. ವಿಚಿತ್ರ ಅಂದರೆ, ಎಷ್ಟೋ ಕೀಟಗಳಲ್ಲಿ ಮೈಬಣ್ಣ, ರೆಕ್ಕೆ, ಕಾಲು ಎಲ್ಲ ಅಚ್ಚು ಒಂದೇ ಥರ ಇದ್ದು, ಗಂಡಿನ ಜನನಾಂಗದ ಆಕಾರ ಮಾತ್ರ ಜಾತಿಯಿಂದ ಜಾತಿಗೆ ಬೇರೆ ಇರುತ್ತದೆ. ಹೊಟ್ಟೆಯ ತುದಿಯನ್ನು ಬಿಡಿಸಿ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿದರೆ ಮಾಂಸ ಕರಗಿ ಗಟ್ಟಿ ಭಾಗ ಪಾರದರ್ಶಕವಾಗಿ ಉಳಿಯುತ್ತದೆ. ಅದನ್ನು ಗ್ಲಿಸರಿನ್‌ನಲ್ಲಿ ಹಾಕಿ ತಿರುಗಿಸಿ ತಿರುಗಿಸಿ ನೋಡಬೇಕು.

ಇದರಲ್ಲಿ ಬೆಂಗಳೂರಿನದೇ ಒಂದು ದೊಡ್ಡ ಕತೆಯಿದೆ. ಊರಲ್ಲೇ ಯಾರಿಗೂ ಗೊತ್ತಿಲ್ಲ ಅನ್ನುವುದು ನನ್ನ ಹಳೇ ಸಂಕಟ.

ಟ್ರೈಕೋಗ್ರಾಮ ಅಂತ ಒಂದು ಕಣಜ. ಅರ್ಧ ಮಿಲಿಮೀಟರ್ ಇದ್ದರೆ ಹೆಚ್ಚು. ಚಿಟ್ಟೆ, ಪತಂಗಗಳ ಮೊಟ್ಟೆಯನ್ನು ಹುಡುಕಿ, ಆ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಒಳಗಿನ ಮರಿ ಪತಂಗದ ಮೊಟ್ಟೆಯನ್ನು ತಿಂದು ಮುಗಿಸುತ್ತದೆ. ಮೊಟ್ಟೆ ಕಪ್ಪಾಗುತ್ತದೆ. ಅದರಿಂದ ಮರಿಹುಳದ ಬದಲು ಕಣಜ ಹೊರಬರುತ್ತದೆ. ಬೆಳೆಗೆ ಹಾನಿ ಶುರುವಾಗುವ ಮೊದಲೇ ಕತೆ ಮುಗಿದಿರುತ್ತದೆ, ಅಲ್ವಾ? ಅದಕ್ಕೇ ಇದನ್ನು ಲಕ್ಷಗಟ್ಟಲೆ ಸಾಕುತ್ತಾರೆ. ಅಕ್ಕಿ ಪತಂಗದ ಮೊಟ್ಟೆಗಳನ್ನು ರಟ್ಟಿನ ಮೇಲೆ ಅಂಟಿಸಿ, ಕಣಜಕ್ಕೆ ಒಡ್ಡಿ, ಆ ರಟ್ಟನ್ನು ರೈತರಿಗೆ ಕೊಡುತ್ತಾರೆ. ಟ್ರೈಕೋ ಕಾರ್ಡ್ ಅಂತ ಹೆಸರು. ಒಂದು ಕಾರ್ಡಿನಲ್ಲಿ ಸುಮಾರು 20,000 ಮೊಟ್ಟೆ. ಕಬ್ಬಿನ ಗರಿಯ ಅಡಿಗೆ ತುಂಡು ತುಂಡು ಮಾಡಿ ಸ್ಟೇಪಲ್ ಮಾಡಿದರೆ ಆಯಿತು.

ಆದರೆ ಯಾವ ಟ್ರೈಕೋಗ್ರಾಮ? ಅದರಲ್ಲಿ ಬಹಳ ಜಾತಿಗಳಿವೆ. ಒಂದಕ್ಕೆ ಕಬ್ಬಿನ ಕೊರಕ ಇಷ್ಟ, ಇನ್ನೊಂದಕ್ಕೆ ಭತ್ತದ್ದು. ಮೊದಲೆಲ್ಲ ಮೈಬಣ್ಣ ನೋಡಿ ಹೆಸರು ಹೇಳುತ್ತಿದ್ದರು. ಆ ಬಣ್ಣವೋ ಚಳಿಗಾಲಕ್ಕೊಂದು, ಬೇಸಿಗೆಗೊಂದು. ಹಾಗಾಗಿ ಜಗತ್ತಿನಾದ್ಯಂತ ಗೊಂದಲ. ಒಂದು ದೇಶದವರು ಬಿಟ್ಟ ಕಣಜವೇ ಇನ್ನೊಂದು ದೇಶದವರು ಬಿಟ್ಟದ್ದೋ ಅಲ್ಲವೋ ಹೇಳಲು ಬರುತ್ತಿರಲಿಲ್ಲ. ಬೆಂಗಳೂರಿನಲ್ಲಿ 1957ರಲ್ಲಿ ಶುರುವಾಗಿದ್ದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರದಲ್ಲಿ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಅನ್ನುವ ಇಬ್ಬರು ಕೆಲಸ ಮಾಡುತ್ತಿದ್ದರು. 1960ರ ದಶಕದ ಕೊನೆಯಲ್ಲಿ, 70ರ ದಶಕದ ಆರಂಭದಲ್ಲಿ ಅವರು ತೋರಿಸಿಕೊಟ್ಟರು: ಬಣ್ಣ ಬಿಡಿ, ಗಂಡಿನ ಜನನಾಂಗ ನೋಡಿ. ಅರ್ಧ ಮಿಲಿಮೀಟರ್ ಹುಳದ ಹೊಟ್ಟೆಯ ತುದಿಯದು. ಇವತ್ತಿಗೂ ಜಗತ್ತಿನಲ್ಲಿ ಯಾರೇ ಟ್ರೈಕೋಗ್ರಾಮ ಗುರುತಿಸಲು ಕೂತರೂ ಬೆಂಗಳೂರಿನ ಈ ದಾರಿಯಲ್ಲೇ ಹೋಗಬೇಕು. ನಾನು ಮೊದಲ ಸಲ ಆ ಸ್ಲೈಡ್ ಮಾಡಲು ಹೋಗಿ ಮೂವತ್ತು ಹುಳ ಹಾಳು ಮಾಡಿದ್ದೆ.

ಈಗ ಡಿಎನ್ಎ ಇದೆಯಲ್ಲ, ಇಷ್ಟೆಲ್ಲ ಯಾಕೆ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹುಳದ ಒಂದು ಕಾಲು ಕೊಟ್ಟರೂ ಸಾಕು, ಒಂದು ಜೀನಿನ ಸುಮಾರು 650 ಅಕ್ಷರ ಓದಿ, ಕಂಪ್ಯೂಟರ್‌ನಲ್ಲಿರುವ ಪಟ್ಟಿಗೆ ಹೋಲಿಸುತ್ತಾರೆ. ಬಾರ್‌ಕೋಡ್ ಅನ್ನುವುದು ಇದನ್ನೇ. ಮರಿಹುಳ, ಮೊಟ್ಟೆ, ಮುರಿದ ತುಂಡು ಬಂದಾಗ ಇದರಷ್ಟು ಉಪಕಾರಿ ಇನ್ನೊಂದಿಲ್ಲ. ಆದರೆ ಇದು ಟ್ರೂಕಾಲರ್ ಇದ್ದ ಹಾಗೆ. ಯಾರಾದರೂ ಮೊದಲೇ ಆ ನಂಬರಿಗೆ ಹೆಸರು ಸೇವ್ ಮಾಡಿದ್ದರೆ ಮಾತ್ರ ಹೆಸರು ಬರುತ್ತದೆ. ತಪ್ಪು ಹೆಸರು ಸೇವ್ ಮಾಡಿದ್ದರೆ ತಪ್ಪು ಹೆಸರೇ ಬರುತ್ತದೆ. ಆ ಮೊದಲ ಹೆಸರು ಇಡಲು ಒಬ್ಬರು ಮೈಕ್ರೋಸ್ಕೋಪ್ ಮುಂದೆ ಕೂತಿರಲೇಬೇಕು.

ಹೆಸರು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ 1795ರದ್ದು. ಪಾಪಸುಕಳ್ಳಿಯ ಮೇಲೆ ಬೆಳೆಯುವ ಕಾಕಿನೀಲ್ ಹುಳದಿಂದ ಕಡುಗೆಂಪು ಬಣ್ಣ ತೆಗೆಯುತ್ತಾರೆ. ಆಗಿನ ಕಾಲಕ್ಕೆ ಚಿನ್ನದಂಥ ವ್ಯಾಪಾರ. ಈಸ್ಟ್ ಇಂಡಿಯಾ ಕಂಪನಿಗೆ ಅದು ಭಾರತದಲ್ಲೇ ಆಗಬೇಕಿತ್ತು. ಬ್ರೆಜಿಲ್‌ನಿಂದ ಹುಳ ತರಿಸಿದರು. ಬಂದದ್ದು ಒಳ್ಳೇ ಬಣ್ಣ ಕೊಡುವ ಜಾತಿಯಲ್ಲ, ಅದರ ಕಾಡು ನೆಂಟ. ನೋಡಲು ಹೆಚ್ಚುಕಡಿಮೆ ಒಂದೇ. ಒಳ್ಳೇ ಬಣ್ಣ ಬರಲಿಲ್ಲ. ಆದರೆ ಆ ಹುಳ ಒಂದು ಜಾತಿಯ ಪಾಪಸುಕಳ್ಳಿಯನ್ನು ಹೊಲ, ಬೇಲಿ, ಬಯಲು ಅನ್ನದೆ ತಿಂದು ಒಣಗಿಸಿತು. ವ್ಯಾಪಾರಕ್ಕೆ ನಷ್ಟ. ಕಳೆಯನ್ನು ಕೀಟದಿಂದ ಹತೋಟಿಗೆ ತರಬಹುದು ಅಂತ ಜಗತ್ತಿಗೆ ಗೊತ್ತಾದ ಮೊದಲ ಪ್ರಸಂಗಗಳಲ್ಲಿ ಮಾತ್ರ ಇದೂ ಒಂದು. ಎಲ್ಲ ತಪ್ಪೂ ಇಷ್ಟು ಚೆನ್ನಾಗಿ ಮುಗಿಯುವುದಿಲ್ಲ.

2018ರ ಮುಂಗಾರಿನ ಹೊತ್ತಿಗೆ ಶಿವಮೊಗ್ಗ ಕಡೆಯ ಮುಸುಕಿನ ಜೋಳದಲ್ಲಿ ಒಂದು ಮರಿಹುಳ ಕಾಣಿಸಿತು. ಸುಳಿಯೊಳಗೆ ಕೂತು ಎಲೆ ತಿಂದು, ಮರದ ಹುಡಿಯಂಥ ಹಿಕ್ಕೆ ತುಂಬುತ್ತಿತ್ತು. ಸುಮ್ನೆ ನೋಡಿದರೆ ನಮ್ಮದೇ ಹಳೇ ಸೈನಿಕ ಹುಳ ಅನ್ನಿಸುವಂಥದ್ದು. ಶಿವಮೊಗ್ಗದ ಕೀಟತಜ್ಞರು ಹತ್ತಿರದಿಂದ ನೋಡಿದರು. ಹಣೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಗೆರೆ. ಬಾಲದ ಹತ್ತಿರದ ಒಂದು ಭಾಗದಲ್ಲಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕಿ. ಅದು ಅಮೆರಿಕ ಖಂಡದ ಫಾಲ್ ಸೈನಿಕ ಹುಳ. 2016ರಲ್ಲಿ ಆಫ್ರಿಕಕ್ಕೆ ಕಾಲಿಟ್ಟು ಅಲ್ಲಿ ಜೋಳದ ಹೊಲಗಳನ್ನು ನುಂಗಿದ್ದು. ಭಾರತದಲ್ಲಿ, ಅಷ್ಟೇ ಯಾಕೆ ಏಷ್ಯಾದಲ್ಲೇ, ಅದನ್ನು ಮೊದಲು ಗುರುತಿಸಿದ್ದು ನಮ್ಮ ಕರ್ನಾಟಕದಲ್ಲಿ. ಹೆಸರು ಗೊತ್ತಾದ ಮೇಲೆ ಅದು ಎಲ್ಲಿ ಮೊಟ್ಟೆ ಇಡುತ್ತದೆ, ಎಷ್ಟು ದೂರ ಹಾರುತ್ತದೆ, ಆಫ್ರಿಕದಲ್ಲಿ ಯಾವುದು ನಡೆಯಿತು ಯಾವುದು ನಡೆಯಲಿಲ್ಲ, ಎಲ್ಲ ಒಮ್ಮೆಗೇ ಕೈಗೆ ಸಿಕ್ಕಿತು. ಹೆಸರು ಅಂದರೆ ಅದು ಫೈಲ್ ನಂಬರ್. ಅದಿಲ್ಲದಿದ್ದರೆ ಫೈಲೇ ತೆರೆಯುವುದಿಲ್ಲ.

ಪಪ್ಪಾಯದ ಹಿಟ್ಟು ತಿಗಣೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಎರಡೇ ವರ್ಷದಲ್ಲಿ ನಮ್ಮ ರಾಜ್ಯಕ್ಕೂ ಬಂತು. ಪಪ್ಪಾಯ ಗಿಡಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾದವು. ಆಮೇಲೆ ಹಿಪ್ಪುನೇರಳೆಗೆ ಹತ್ತಿತು. ರೇಷ್ಮೆ ಬೆಳೆಗಾರರಿಗೆ ಅದು ಎರಡು ಪಟ್ಟು ಸಂಕಟ. ಸೊಪ್ಪಿಗೆ ಔಷಧಿ ಹೊಡೆದರೆ ಆ ಸೊಪ್ಪು ತಿಂದ ರೇಷ್ಮೆಹುಳವೂ ಸಾಯುತ್ತದೆ. ಅದೂ ಕೀಟವೇ ತಾನೇ? ಹೊಡೆದವರಿಗೂ ಲಾಭವಾಗಲಿಲ್ಲ. ಮೇಣದ ಹೊದಿಕೆ ಔಷಧಿಯನ್ನು ಒಳಗೆ ಬಿಡುವುದಿಲ್ಲ.

ಜಾತಿ ಯಾವುದು ಅಂತ ಗೊತ್ತಾದದ್ದೇ ಅದರ ತವರೂ ಗೊತ್ತಾಯಿತು. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ತವರಿನಲ್ಲಿ ಅದು ಯಾಕೆ ಇಷ್ಟು ಹಾವಳಿ ಮಾಡುವುದಿಲ್ಲ? ಅಲ್ಲಿ ಅದನ್ನು ತಿನ್ನುವವರಿದ್ದಾರೆ. ನಮ್ಮಲ್ಲಿಗೆ ಬರುವಾಗ ಅದು ಒಂಟಿಯಾಗಿ ಬಂತು, ಶತ್ರುಗಳನ್ನು ಅಲ್ಲೇ ಬಿಟ್ಟು. ಹಾಗಾದರೆ ಶತ್ರುವನ್ನೂ ಕರೆಸಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ ಬಳ್ಳಾರಿ ರಸ್ತೆಗೆ ಅಂಟಿಕೊಂಡೇ ಇರುವ, ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಅನ್ನುವ ಸಂಸ್ಥೆ 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜ ತರಿಸಿತು. ಅವುಗಳಲ್ಲಿ ಗೆದ್ದದ್ದು ಅಸೆರೊಫೇಗಸ್ ಪಪಾಯೆ. ಒಂದು ಮಿಲಿಮೀಟರ್‌ಗಿಂತ ಚಿಕ್ಕದು.

ತರಿಸಿದ ತಕ್ಷಣ ಹೊಲಕ್ಕೆ ಬಿಡುವ ಹಾಗಿಲ್ಲ. ಜನರಿಗೆ ಗೊತ್ತಿಲ್ಲದ್ದು ಈ ಭಾಗ. ಬಂದ ಹುಳವನ್ನು ಮೊದಲು ಮುಚ್ಚಿದ ಕೋಣೆಯಲ್ಲಿ ಇಡುತ್ತಾರೆ. ಇದು ಬೇರೆ ಯಾವುದನ್ನು ತಿನ್ನುತ್ತದೆ? ರೇಷ್ಮೆಹುಳಕ್ಕೆ, ಜೇನಿಗೆ ತೊಂದರೆ ಇಲ್ಲ ತಾನೇ? ಇನ್ನೊಂದು ಭಯವೂ ಇದೆ. ಕಣಜದ ಮೇಲೆ ಬದುಕುವ ಕಣಜಗಳೂ ಇರುತ್ತವೆ. ಅಂಥದ್ದು ಒಂದು ಇವುಗಳ ಜೊತೆ ಕದ್ದು ಬಂದರೆ ನಮ್ಮ ಸೈನ್ಯವನ್ನು ಅದೇ ತಿಂದು ಮುಗಿಸುತ್ತದೆ. ಪರೀಕ್ಷೆ ದಾಟಿದ ಮೇಲೆ ಸಾಕಬೇಕು. ಕಣಜ ಸಾಕಲು ಹಿಟ್ಟು ತಿಗಣೆ ಬೇಕು, ತಿಗಣೆ ಸಾಕಲು ಗಿಡ ಬೇಕು. ಗಿಡದ ಬದಲು ಮೊಳಕೆ ಬಂದ ಆಲೂಗಡ್ಡೆಯೂ ಆಗುತ್ತದೆ. ಬುಟ್ಟಿಗಟ್ಟಲೆ ಆಲೂಗಡ್ಡೆ, ಅದರ ಮೊಳಕೆಯ ಮೇಲೆ ತಿಗಣೆ, ತಿಗಣೆಯ ಹೊಟ್ಟೆಯೊಳಗೆ ಕಣಜ. ಮನೆಯಲ್ಲಿ ಆಲೂಗಡ್ಡೆ ಮೊಳಕೆ ಬಂದರೆ ಅತ್ತೆ ಎಸೆಯಲು ಹೋಗುತ್ತಾರೆ, ನನಗೆ ಮಾತ್ರ ಇನ್ನೂ ಕೈ ಬರುವುದಿಲ್ಲ.

ಕಣಜ ಹೊಲಕ್ಕೆ ಹೋದ ಕೆಲವು ತಿಂಗಳಲ್ಲಿ ತಿಗಣೆ ಇಳಿಯಿತು. ರೈತರು ಮತ್ತೆ ಮತ್ತೆ ಕೊಳ್ಳಬೇಕಾದ್ದೂ ಇಲ್ಲ. ಕಣಜ ತಾನೇ ಹುಡುಕಿಕೊಂಡು ಹೋಗುತ್ತದೆ, ತಾನೇ ಮರಿ ಮಾಡುತ್ತದೆ. ತಿಗಣೆ ಪೂರ್ತಿ ಹೋಗಲಿಲ್ಲ, ಹೋಗುವುದೂ ಇಲ್ಲ. ಎರಡೂ ಸ್ವಲ್ಪ ಸ್ವಲ್ಪ ಉಳಿದುಕೊಂಡಿವೆ. ಆಂಟಿಯ ದಾಸವಾಳಕ್ಕೂ ಈ ಜಾತಿಯ ತಿಗಣೆ ಬರಬಹುದು. ದಾಸವಾಳ ಅದಕ್ಕೆ ಬಲು ಇಷ್ಟ.

ಎಲ್ಲ ಸಲವೂ ಇಷ್ಟು ಸಲೀಸಾಗುತ್ತದೆ ಅಂತಲ್ಲ. ಕಾಂಗ್ರೆಸ್ ಗಿಡ ಅನ್ನುವ ಪಾರ್ಥೇನಿಯಂ ಗೊತ್ತಲ್ಲ, ಖಾಲಿ ಸೈಟಿನಲ್ಲೆಲ್ಲ ಬಿಳಿ ಹೂ ಬಿಟ್ಟುಕೊಂಡು ಮೂಗು ಸೋರಿಸುವುದು? ಅದನ್ನು ತಿನ್ನುವ ಒಂದು ದುಂಬಿಯನ್ನು ಮೆಕ್ಸಿಕೊದಿಂದ ತಂದು, ಪರೀಕ್ಷಿಸಿ, 1984ರಲ್ಲಿ ಬಿಟ್ಟದ್ದು ಇದೇ ಬೆಂಗಳೂರಿನಲ್ಲಿ. ಕೆನೆಬಣ್ಣದ ಮೈ ಮೇಲೆ ಕಂದು ಗೆರೆ, ಕಡಲೆಕಾಳಿಗಿಂತ ಚಿಕ್ಕದು. ಮಳೆಗಾಲದಲ್ಲಿ ಗಿಡದ ಎಲೆಯನ್ನೆಲ್ಲ ತಿಂದು ಕಡ್ಡಿ ಮಾಡುತ್ತಿತ್ತು. ಎಲ್ಲರಿಗೂ ಖುಷಿ. 1990ರ ದಶಕದ ಆರಂಭದಲ್ಲಿ ಅದು ಸೂರ್ಯಕಾಂತಿ ಎಲೆಯ ಮೇಲೆ ಕಾಣಿಸಿತು. ಗಲಾಟೆಯೋ ಗಲಾಟೆ. ಬೆಳೆ ತಿನ್ನುವ ಹುಳವನ್ನು ವಿಜ್ಞಾನಿಗಳೇ ತಂದು ಬಿಟ್ಟಿದ್ದಾರೆ ಅಂತ. ವಿಚಾರಣೆಗೆ ಸಮಿತಿ ಆಯಿತು. ಇಲ್ಲಿನವರೇ ಕೂತು ನೋಡಿದಾಗ ಒಂದು ಸ್ವಾರಸ್ಯ ಸಿಕ್ಕಿತು. ಪಕ್ಕದ ಪಾರ್ಥೇನಿಯಂನ ಪರಾಗ ಗಾಳಿಗೆ ಹಾರಿ ಸೂರ್ಯಕಾಂತಿ ಎಲೆಯ ಮೇಲೆ ಬಿದ್ದಿರುತ್ತದೆ. ಆ ವಾಸನೆ ರುಚಿಗೆ ದುಂಬಿ ಅಲ್ಲೇ ಬಾಯಿ ಹಾಕುತ್ತದೆ. ಬಿರಿಯಾನಿ ಪಾರ್ಸೆಲ್‌ನ ಕಾಗದ ನೆಕ್ಕುವ ಬೆಕ್ಕಿನ ಹಾಗೆ. ಸೂರ್ಯಕಾಂತಿಗೆ ಅಂಥ ದೊಡ್ಡ ಅಪಾಯವೇನೂ ಆಗಲಿಲ್ಲ. ಆದರೂ ಆ ಗಲಾಟೆ ಒಳ್ಳೆಯದೇ ಆಯಿತು ಅನ್ನುತ್ತೇನೆ. ಹೊರಗಿನ ಹುಳ ತರುವವರು ನೂರು ಸಲ ಯೋಚಿಸಬೇಕು. ಬಿಟ್ಟ ಹುಳವನ್ನು ವಾಪಸ್ ಹಿಡಿಯಲು ಆಗುವುದಿಲ್ಲ. ಪಾರ್ಥೇನಿಯಂ ಕೂಡ ಎಲ್ಲಿಗೂ ಹೋಗಿಲ್ಲ ಬಿಡಿ. ಬೇಸಿಗೆಯಲ್ಲಿ ದುಂಬಿ ಮಣ್ಣಿನೊಳಗೆ ಮಲಗಿರುತ್ತದೆ, ಗಿಡ ಮಲಗುವುದಿಲ್ಲ.

ಈ ಊರಿಗೂ ಹುಳದ ಶಾಸ್ತ್ರಕ್ಕೂ ನಂಟು ಹಳೆಯದು. 1908ರಲ್ಲಿ ಲೆಸ್ಲಿ ಕೋಲ್‌ಮನ್ ಅನ್ನುವ ಕೆನಡಾದವರು ಮೈಸೂರು ಸಂಸ್ಥಾನಕ್ಕೆ ಬಂದರು. ಬೆಳೆಯ ರೋಗ, ಬೆಳೆಯ ಹುಳ ಎರಡೂ ಅವರ ಪಾಲಿಗೆ. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿದ್ದು ಅವರೇ. ಹೆಬ್ಬಾಳದ ಕೃಷಿ ಶಾಲೆ 1913ರದ್ದು. ಇವತ್ತು ಫ್ಲೈಓವರ್ ಮೇಲೆ ಗಂಟೆಗಟ್ಟಲೆ ನಿಂತಾಗ ಎಡಬಲ ಕಾಣುವ ಹಸಿರಿನಲ್ಲಿ ಆ ಪರಂಪರೆ ಇನ್ನೂ ಸ್ವಲ್ಪ ಉಳಿದಿದೆ.

ನಗರದ ನಡುವೆಯೂ ಹುಳ ನೋಡಲು ಜಾಸ್ತಿ ದೂರ ಹೋಗಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್‌ನಲ್ಲಿ ಸಿ‌ಕ್ಕ ಒಂದು ಮರದ ಇರುವೆಗೆ 2006ರಲ್ಲಿ ಡಿಲೊಬೊಕೊಂಡೈಲ ಬ್ಯಾಂಗಲೋರಿಕ ಅಂತ ಹೆಸರಿಟ್ಟರು. ಊರಿನ ಹೆಸರು ಬದಲಾದರೂ ಇರುವೆಯ ಹೆಸರು ಬದಲಾಗುವುದಿಲ್ಲ, ಅದು ನಮ್ಮ ನಿಯಮ. ಅದೇ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ಕಿಟಕಿ ಮೂಲೆಯಲ್ಲಿ ಕಾಗದದಂಥ ಗೂಡು ಕಟ್ಟುವ ಕಣಜವನ್ನು ದಶಕಗಳ ಕಾಲ ನೋಡಿದರು. ಒಂದೊಂದು ಕಣಜದ ಮೈ ಮೇಲೂ ಬಣ್ಣದ ಚುಕ್ಕಿ ಇಟ್ಟು, ಯಾರು ಯಾರಿಗೆ ಏನು ಮಾಡಿದರು ಅಂತ ಬರೆದುಕೊಳ್ಳುತ್ತಾ. ಆ ಗೂಡಿನ ರಾಣಿ ಬಲು ಸಾಧು, ಯಾರ ಮೇಲೂ ಜೋರು ಮಾಡುವುದಿಲ್ಲ. ಅವಳನ್ನು ತೆಗೆದರೆ ಅರ್ಧ ಗಂಟೆಯೊಳಗೆ ಕೆಲಸಗಾರ್ತಿಯೊಬ್ಬಳು ಎಲ್ಲರ ಮೇಲೂ ಎಗರಾಡಲು ಶುರು ಮಾಡುತ್ತಾಳೆ. ರಾಣಿಯನ್ನು ವಾಪಸ್ ಇಡದಿದ್ದರೆ ಸುಮಾರು ಒಂದು ವಾರದಲ್ಲಿ ಅವಳೇ ಮೊಟ್ಟೆ ಇಡುವ ರಾಣಿ, ಅವಳೂ ಸಾಧು. ಮುಂದಿನ ರಾಣಿ ಯಾರು ಅಂತ ಮೊದಲೇ ನೋಡಿ ಹೇಳಲು ನಮಗೆ ಆಗುವುದಿಲ್ಲ. ಕಣಜಗಳಿಗೆ ಮಾತ್ರ ಗೊತ್ತಿರುವ ಹಾಗಿದೆ. ಯಾವ ಗೂಡಿಗೂ ಔಷಧಿ ಹೊಡೆಯದೆ, ಸುಮ್ನೆ ಕುರ್ಚಿ ಹಾಕಿಕೊಂಡು ನೋಡಿ ತಿಳಿದದ್ದು ಇದು.

ನನಗೆ ಬರುವ ಫೋನ್‌ಗಳಲ್ಲಿ ಅರ್ಧ ಹೆಜ್ಜೇನಿನದು. ಹನ್ನೆರಡನೇ ಮಹಡಿಯ ಬಾಲ್ಕನಿಗೆ ಗೂಡು ಕಟ್ಟಿದೆ ಅಂತ. ಹೆಜ್ಜೇನು ಎತ್ತರದ ಬಂಡೆ, ಎತ್ತರದ ಮರ ಹುಡುಕುವ ಜಾತಿ. ನಾವು ಬಂಡೆ ಒಡೆದು ಅಪಾರ್ಟ್‌ಮೆಂಟ್ ಕಟ್ಟಿದೆವು. ಅದರ ಕಣ್ಣಿಗೆ ಇದೂ ಬಂಡೆಯೇ. ಅದು ವಲಸೆ ಹೋಗುವ ಜೇನು. ಹೂವಿನ ಕಾಲ ಮುಗಿದರೆ ತಾನೇ ಎದ್ದು ಹೋಗುತ್ತದೆ. ಅಲ್ಲಿಯವರೆಗೆ ಆ ಬಾಲ್ಕನಿಯ ಲೈಟು ಆರಿಸಿ, ಕಿಟಕಿ ಮುಚ್ಚಿಡಿ ಅನ್ನುತ್ತೇನೆ, ಯಾಕೆಂದರೆ ರಾತ್ರಿ ಬೆಳಕಿಗೆ ಹಾರಿ ಬರುತ್ತವೆ. ಒಂದು ಅಪಾರ್ಟ್‌ಮೆಂಟ್‌ನವರು ಹೂಂ ಅಂದು, ಅದೇ ರಾತ್ರಿ ಔಷಧಿ ಹೊಡೆಸಿದರು. ಬೆಳಿಗ್ಗೆ ಸೆಕ್ಯುರಿಟಿಯವರು ಪೊರಕೆಯಲ್ಲಿ ಗುಡಿಸಿ ಗುಡ್ಡೆ ಮಾಡಿದ್ದರು. ಒಂದು ಬಕೆಟ್ ಜೇನುಹುಳ. ಗೂಡಿನಲ್ಲೇ ಉಳಿದ ಮರಿಗಳು ಕೊಳೆತು ಮತ್ತೆ ನನಗೇ ಫೋನು, ವಾಸನೆ ಬರ್ತಿದೆ ಏನ್ಮಾಡೋದು ಅಂತ.

ಇನ್ನರ್ಧ ಫೋನು ಕೆರೆ ಪಕ್ಕದವರದು. ಸಂಜೆಯಾದರೆ ಮೋಡದ ಹಾಗೆ ಸೊಳ್ಳೆ, ಫಾಗಿಂಗ್ ಮಾಡಿಸಿದರೂ ಹೋಗಲ್ಲ. ಒಂದನ್ನು ಹಿಡಿದು ನೋಡಿದರೆ ಅದು ಸೊಳ್ಳೆಯೇ ಅಲ್ಲ. ಚುಚ್ಚುವ ಉದ್ದ ಸೊಂಡಿಲು ಇಲ್ಲ. ಕೂತಾಗ ಮುಂಗಾಲು ಎತ್ತಿ ಹಿಡಿದಿರುತ್ತದೆ. ಮಿಡ್ಜ್ ಅನ್ನುವ ಈ ನೊಣ ಕಚ್ಚುವುದಿಲ್ಲ. ಇದರ ಮರಿ ಕೆರೆಯ ತಳದ ಕೆಸರಿನಲ್ಲಿರುತ್ತದೆ, ರಕ್ತದ ಹಾಗೆ ಕೆಂಪು. ನಮ್ಮ ರಕ್ತದಲ್ಲಿರುವಂಥದ್ದೇ ಹಿಮೋಗ್ಲೋಬಿನ್ ಅದರ ಮೈಯಲ್ಲೂ ಇರುವುದರಿಂದ ಆಮ್ಲಜನಕ ಕಡಿಮೆ ಇರುವ ಕೊಳಕು ನೀರಲ್ಲೂ ಬದುಕುತ್ತದೆ. ಇಷ್ಟು ಹೇಳಿದ ಮೇಲೆ ನಾನು ಕೇಳುವುದು ಒಂದೇ: ನಿಮ್ಮ ಒಳಚರಂಡಿ ನೀರು ಎಲ್ಲಿಗೆ ಹೋಗುತ್ತೆ ಸರ್? ಆಮೇಲೆ ಆ ಕಡೆಯಿಂದ ಫೋನ್ ಬರುವುದಿಲ್ಲ.

ನನ್ನ ಸ್ವಂತ ಸೋಲು ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಓದುವ ಕಾಲದಲ್ಲಿ ಮೂರು ವರ್ಷ ಸಕಲೇಶಪುರದಿಂದ ಸಾವನದುರ್ಗದವರೆಗೆ ತಿರುಗಿ ಕೂಡಿಸಿದ ದುಂಬಿಗಳ ಎರಡು ಪೆಟ್ಟಿಗೆ ಮನೆಯಲ್ಲಿಟ್ಟಿದ್ದೆ. ಒಂದು ಮಳೆಗಾಲ ಊರಿಗೆ ಹೋಗಿ ಎರಡು ತಿಂಗಳು ಬಿಟ್ಟು ಬಂದೆ. ನುಸಿಗುಳಿಗೆ ಮುಗಿದದ್ದು ನೋಡಿರಲಿಲ್ಲ. ಪೆಟ್ಟಿಗೆ ತೆರೆದರೆ ಸಾಲಾಗಿ ಪಿನ್ನು, ಪಿನ್ನಿನ ಕೆಳಗೆ ನೀಟಾಗಿ ಬರೆದ ಚೀಟಿ, ಹುಳದ ಜಾಗದಲ್ಲಿ ಕಂದು ಪುಡಿ. ಒಣಗಿದ ಕೀಟಗಳನ್ನೇ ತಿನ್ನುವ ಒಂದು ದುಂಬಿಯಿದೆ, ಅದರ ಮರಿಗಳು ನುಗ್ಗಿದ್ದವು. ಮೈತುಂಬ ಕೂದಲಿನ ಪುಟಾಣಿ ಮರಿಗಳು. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾದ ಹಾಗೆ, ನಾನು ಕೂಡಿಸಿದ್ದು ಅವುಗಳ ಪಾಲಾಗಿತ್ತು. ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಆ ಮರಿಗಳಲ್ಲೇ ನಾಲ್ಕನ್ನು ಹಿಡಿದು ಸ್ಪಿರಿಟ್‌ನಲ್ಲಿ ಹಾಕಿ ಚೀಟಿ ಬರೆದೆ. ಸಿಕ್ಕಿದ ಜಾಗ: ನನ್ನ ಮಂಚದ ಕೆಳಗೆ.

ಈಗ ನನ್ನ ಮೇಜಿನ ಎಡಗಡೆ ಒಂದು ಪೆಟ್ಟಿಗೆ ಇದೆ. ಮುಚ್ಚಳದ ಮೇಲೆ "ಗೊತ್ತಿಲ್ಲ" ಅಂತ ಬರೆದಿದ್ದೇನೆ. ಕುಟುಂಬದವರೆಗೆ ಹೆಸರು ಸಿಕ್ಕಿ, ಮುಂದೆ ದಾರಿ ತಪ್ಪಿದ ಕಣಜಗಳೆಲ್ಲ ಅದರಲ್ಲಿ. ಕೆಲವು ಹತ್ತು ವರ್ಷದಿಂದ ಕಾಯುತ್ತಿವೆ. ಯಾವ ಕಣಜ ಹೊಸದು, ಯಾವುದು ಯಾರೋ ನೂರು ವರ್ಷದ ಹಿಂದೆ ಹೆಸರಿಟ್ಟು ಲಂಡನ್ನಿನ ಮ್ಯೂಸಿಯಂನಲ್ಲಿ ಇಟ್ಟದ್ದು ಅಂತ ಹೇಳಲು ಆ ಹಳೆಯ ಮಾದರಿಯನ್ನೇ ನೋಡಬೇಕು. ಒಂದು ಸಾಲಿನ ಉತ್ತರಕ್ಕೆ ಎಷ್ಟೋ ಸಲ ಒಂದು ವರ್ಷ ಹಿಡಿಯುತ್ತದೆ. ಇದಕ್ಕೆ ಕೂರಲು ಹೊಸ ಹುಡುಗರು ಕಡಿಮೆ. ಅವರನ್ನು ಬೈಯಲು ಬರುವುದಿಲ್ಲ, ಲ್ಯಾಬಿನಲ್ಲಿ ಡಿಎನ್ಎ ಓದುವವರಿಗೆ ಸಿಗುವ ಕೆಲಸ ಮೀಸೆಯ ಗಂಟು ಎಣಿಸುವವರಿಗೆ ಸಿಗುವುದಿಲ್ಲ.

ಅಂದ ಹಾಗೆ ಆಂಟಿ ಔಷಧಿ ಹೊಡೆಯಲಿಲ್ಲ. ಇರುವೆ ಹತ್ತದ ಹಾಗೆ ಕುಂಡದ ಕೆಳಗೆ ನೀರಿನ ತಟ್ಟೆ ಇಟ್ಟರು, ತೀರಾ ಮೆತ್ತಿಕೊಂಡ ಒಂದೆರಡು ಕೊಂಬೆ ಕತ್ತರಿಸಿದರು. ಮೊನ್ನೆ ಮತ್ತೆ ಟಿಂಗ್. ಫೋಟೊದಲ್ಲಿ ದಾಸವಾಳದ ಎಲೆ. ಎಲೆಯ ಮೇಲೆ ಬೆರಳುಗುರಿನ ಅರ್ಧದಷ್ಟು ಕಂದು ಗಂಟು. ಅದರಲ್ಲಿ ಕಣ್ಣು, ಮೂಗು, ಉಬ್ಬಿದ ಬಾಯಿ, ಅಚ್ಚು ಕೋತಿಮುಖ. ಹಿಟ್ಟು ತಿಗಣೆ ತಿಂದು ಬೆಳೆಯುವ ಒಂದು ಚಿಟ್ಟೆಯ ಕೋಶ ಅದು. ನಮ್ಮಲ್ಲಿ ಮಾಂಸ ತಿಂದು ಬೆಳೆಯುವ ಚಿಟ್ಟೆಗಳು ಬಹಳ ಅಪರೂಪ, ಅದರಲ್ಲಿ ಇದೊಂದು.

ಕೆಳಗೆ ಬರೆದಿದ್ದರು: "ನೋಡಮ್ಮ, ಆಂಜನೇಯ ಬಂದು ಕೂತಿದ್ದಾನೆ. ಯಾರಿದು?"

"ಎಲೆ ಕೀಳಬೇಡಿ ಆಂಟಿ" ಅಂತ ಟೈಪ್ ಮಾಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟೆ.